ಪದ ಪರಿಚಯ: ಆಟೋಕಂಪ್ಲೀಟ್

ಹುಡುಕು ಪೆಟ್ಟಿಗೆಯಲ್ಲಿ ‘ಮೈ’ ಎಂದು ಬರೆಯುತ್ತಿದ್ದಂತೆ ಕೆಳಗೆ ‘ಮೈಸೂರು’, ‘ಮೈಲಾರ’ ಎಂದು ಸಲಹೆಗಳ ಪಟ್ಟಿ ಇಳಿಯುತ್ತದಲ್ಲ, ಅದೇ ಆಟೋಕಂಪ್ಲೀಟ್. ಹಿಂದೆ ತುಂಬಿದ ಹೆಸರು, ವಿಳಾಸಗಳನ್ನು ಬ್ರೌಸರ್ ನೆನಪಿಟ್ಟು ತೋರಿಸುವುದಕ್ಕೂ ಇದೇ ಹೆಸರು. ಎರಡೂ ಒಂದೇ ಪೆಟ್ಟಿಗೆಯ ಕೆಳಗೆ ತೆರೆದುಕೊಂಡರೆ ಬ್ರೌಸರಿನ ಪಟ್ಟಿ ನಮ್ಮ ಪುಟದ ಪಟ್ಟಿಯನ್ನು ಮುಚ್ಚಿಬಿಡುತ್ತದೆ. ಇನ್‌ಪುಟ್ ಟ್ಯಾಗಿನಲ್ಲಿ ಆಟೋಕಂಪ್ಲೀಟ್ ‘ಆಫ್’ ಎಂದು ಬರೆದರೆ ಬ್ರೌಸರಿನದು ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಪೆಟ್ಟಿಗೆಯ ಬರಹ ಬದಲಾದಾಗಲೆಲ್ಲ ಪುಟದೊಳಗಿನ ಕೋಡ್ ಆದ ಜಾವಾಸ್ಕ್ರಿಪ್ಟಿಗೆ ಸುದ್ದಿ (ಈವೆಂಟ್) ಹೋಗುತ್ತದೆ. ಅದು ಸುಮಾರು 300 ಮಿಲಿಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಇನ್ನೊಂದು ಕೀಲಿ ಒತ್ತಿದರೆ ಮತ್ತೆ ಮೊದಲಿನಿಂದ ಕಾಯುತ್ತದೆ, ಇಲ್ಲವಾದರೆ ಸರ್ವರಿಗೆ ಕೇಳುತ್ತದೆ. ಈ ಕಾಯುವಿಕೆಗೆ ಡಿಬೌನ್ಸ್ ಎನ್ನುತ್ತಾರೆ. ಬಂದ ಉತ್ತರವೇ ಪಟ್ಟಿಯಾಗುತ್ತದೆ.

ಪಟ್ಟಿ ಬರದಿದ್ದರೆ ಕೋಡ್ ತಿದ್ದಲು ಕೂರುವ ಮೊದಲು ಎಫ್12 ಒತ್ತಿ, ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಎರಡಕ್ಷರ ಬರೆದು ನೋಡಿ. ಸರ್ವರಿಗೆ ಕೇಳಿದ್ದನ್ನು ತೋರಿಸುವ ಹೊಸ ಸಾಲು ಮೂಡದಿದ್ದರೆ ತೊಂದರೆ ಸ್ಕ್ರಿಪ್ಟಿನಲ್ಲಿದೆ. ಕೀಅಪ್ ಈವೆಂಟ್‌ನಲ್ಲಿ ಕೀಕೋಡ್ (ಒತ್ತಿದ ಕೀಲಿಯ ಸಂಖ್ಯೆ) ನೋಡುವ ಹಳೆಯ ಕೋಡ್ ಆಂಡ್ರಾಯ್ಡ್‌ನಲ್ಲಿ ಕೈಕೊಡುವುದು ಹೀಗೆಯೇ, ಅಲ್ಲಿನ ಕೀಬೋರ್ಡುಗಳು ಬಹುತೇಕ ಎಲ್ಲ ಕೀಲಿಗೂ 229 ಎಂಬ ಒಂದೇ ಸಂಖ್ಯೆ ಕೊಡುತ್ತವೆ. ಇನ್‌ಪುಟ್ ಈವೆಂಟ್ ಬಳಸಿದರೆ ಸರಿಹೋಗುತ್ತದೆ. ಸಾಲು 404 (ವಿಳಾಸ ಸಿಗಲಿಲ್ಲ) ಅಥವಾ 500 (ಸರ್ವರಿನಲ್ಲೇ ದೋಷ) ಎಂದು ಕೆಂಪಾಗಿದ್ದರೆ ಸರ್ವರ್ ಕಡೆ ಹುಡುಕಿ. 200 (ಎಲ್ಲ ಸರಿ) ಎಂದಿದ್ದು ಉತ್ತರದಲ್ಲಿ ಹೆಸರುಗಳೂ ಇದ್ದು ಪರದೆಯಲ್ಲಿ ಮಾತ್ರ ಏನೂ ಕಾಣದಿದ್ದರೆ, ಹೊರಗಿನ ಯಾವುದೋ ಡಿವ್‌ಗೆ ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡುವ ನಿಯಮ) ಕೊಟ್ಟಿದೆಯೇ, ಯಾವುದು ಮೇಲೆ ಕಾಣಬೇಕೆಂದು ಹೇಳುವ ಝಡ್-ಇಂಡೆಕ್ಸ್ ಕಡಿಮೆಯಾಗಿದೆಯೇ ಎಂದು ನೋಡಿ.

ಪಟ್ಟಿ ಬರುತ್ತದೆ, ಆದರೆ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಆಯ್ಕೆಯಾಗದೆ ಮಾಯವಾಗುತ್ತದೆ ಎಂಬ ದೂರು ಸಾಮಾನ್ಯ. ಕ್ಲಿಕ್ ಪೂರ್ಣವಾಗುವ ಮೊದಲೇ ಪೆಟ್ಟಿಗೆಯ ಬ್ಲರ್ (ಗಮನ ಪೆಟ್ಟಿಗೆಯಿಂದ ಹೊರಹೋದ) ಈವೆಂಟ್ ನಡೆದು ಪಟ್ಟಿಯನ್ನು ಮುಚ್ಚಿರುತ್ತದೆ. ಪಟ್ಟಿಯ ಮೌಸ್‌ಡೌನ್‌ನಲ್ಲಿ ಪ್ರಿವೆಂಟ್ ಡೀಫಾಲ್ಟ್ ಹಾಕಿ ಬ್ರೌಸರಿನ ಸಹಜ ವರ್ತನೆಯನ್ನು ತಡೆದರೆ ಸಾಕು. ‘ಮೈಸೂ’ ಎಂದು ಬರೆದ ಮೇಲೂ ‘ಮೈಲಾರ’ ತೋರುತ್ತಿದ್ದರೆ, ‘ಮೈ’ಗೆ ಕೇಳಿದ್ದ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂತಿದೆ. ಹೊಸದಾಗಿ ಕೇಳುವಾಗ ಹಳೆಯದನ್ನು ಅಬಾರ್ಟ್ ಕಂಟ್ರೋಲರ್‌ನಿಂದ ರದ್ದು ಮಾಡಿ.

ಇಷ್ಟೆಲ್ಲ ಯಾವ ಭಾಷೆಗೂ ಒಂದೇ. ಕನ್ನಡದಲ್ಲಿ ಹೆಚ್ಚು ಕಾಡುವುದು 200 ಎಂದಿದ್ದೂ ಖಾಲಿ ಬರುವ ಉತ್ತರ. ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ ಸಂಖ್ಯೆಗಳು (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯುನಿಕೋಡ್ ಕೊಟ್ಟಿರುವ ಸಂಖ್ಯೆ).

ಇಂಗ್ಲಿಷ್ ಕೀಲಿಗಳಲ್ಲಿ ಉಚ್ಚಾರದಂತೆ ಬರೆಯುವವರು ‘ಮೈಸೂರು’ ಬರೆಯುವಾಗ ನಡುವೆ ‘ಮೈಸ್’ ಎಂಬ ಹಂತ ಬರುತ್ತದೆ. ‘ಮೈಸ್’ನ ಕೊನೆಯಲ್ಲಿರುವುದು ಸ್ವರವಿಲ್ಲವೆಂದು ಸೂಚಿಸುವ ಹಲಂತ, ಸಂಖ್ಯೆ 3277. ‘ಮೈಸೂರು’ ಪದದಲ್ಲಿ ಆ ಜಾಗದಲ್ಲಿರುವುದು ಊಕಾರ, 3266. ಹಾಗಾಗಿ ಪಟ್ಟಿ ಖಾಲಿಯಾಗಿ, ಮುಂದಿನ ಕೀಲಿಗೆ ಮತ್ತೆ ತುಂಬಿಕೊಳ್ಳುತ್ತದೆ. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಹಲಂತಕ್ಕೆ ಬೇರೆ ಕೀಲಿ ಇರುವುದರಿಂದ ಅದನ್ನು ಬಳಸುವ ಡೆವಲಪರ್ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ. ಹುಡುಕುವ ಮೊದಲು ಪದದ ಕೊನೆಯ ಹಲಂತವನ್ನು ತೆಗೆದುಬಿಡಿ. ‘ರಾಜ್‌ಕುಮಾರ್’ನಂಥ ಹೆಸರಿಗೂ ಇದರಿಂದ ತೊಂದರೆಯಿಲ್ಲ, ಉಳಿಯುವುದು ಆ ಹೆಸರಿನ ಮೊದಲ ಭಾಗವೇ.

ಇನ್ನೊಂದು ಅನುಸ್ವಾರ. ‘ಬೆಂಗಳೂರು’ ಪದದ ಅನುಸ್ವಾರದ ಸಂಖ್ಯೆ 3202, ಕನ್ನಡ ಅಂಕಿ ಸೊನ್ನೆಯದು 3302. ನೋಡಲು ಎರಡೂ ಒಂದೇ ಉಂಗುರ. ಡೇಟಾ ತುಂಬಿದವರು ಅಂಕಿಯನ್ನು ಒತ್ತಿದ್ದರೆ ಆ ‘ಬೆ೦ಗಳೂರು’ ಎಂದೂ ಸಿಗದು. ಅನುಮಾನ ಬಂದ ಅಕ್ಷರಕ್ಕೆ ಕನ್ಸೋಲ್‌ನಲ್ಲಿ ಕೋಡ್‌ಪಾಯಿಂಟ್‌ಆಟ್ ಕರೆದರೆ ಗುಟ್ಟು ತಿಳಿಯುತ್ತದೆ. ಅಕ್ಷರದ ಬೆನ್ನಿಗಿರುವ ಸೊನ್ನೆಯನ್ನು ಅನುಸ್ವಾರ ಮಾಡಿ, ‘೧೦’ರಂತೆ ಅಂಕಿಯ ಬೆನ್ನಿಗಿರುವುದನ್ನು ಮುಟ್ಟಬೇಡಿ.

ಒಕಾರದ ಚಿಹ್ನೆಯನ್ನು 3274 ಎಂದು ಒಂದೇ ಆಗಿಯೂ, 3270 ಮತ್ತು 3266 ಎಂದು ಎರಡಾಗಿಯೂ ಬರೆಯಬಹುದು. ಹುಡುಕುವ ಪದ, ಡೇಟಾದ ಪದ ಎರಡೂ ಕಡೆ ಎನ್‌ಎಫ್‌ಸಿ ನಾರ್ಮಲೈಸ್ (ಒಂದೇ ರೂಪಕ್ಕೆ ತರುವುದು) ಮಾಡಿದರೆ ಒಂದಾಗುತ್ತವೆ. ‘ರಾಜ್‌ಕುಮಾರ್’ ಒಳಗೆ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರ 8204ನ್ನೂ ಹೋಲಿಸುವಾಗ ಎರಡೂ ಕಡೆಯಿಂದ ತೆಗೆಯಿರಿ. ಈ ತಿದ್ದುಪಡಿಗಳನ್ನು ತೋರಿಸುವ ಹೆಸರಿನ ಮೇಲೆ ಮಾಡಬಾರದು. ಹುಡುಕಲೆಂದೇ ಡೇಟಾಬೇಸಿನಲ್ಲಿ ಇನ್ನೊಂದು ಕಾಲಂ ಇಟ್ಟು ಅಲ್ಲಿ ಮಾಡಿ.

ಬೇಡದ ಚಿಹ್ನೆ ತೆಗೆಯುವ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಮೇಲೂ ಕಣ್ಣಿಡಿ. ಜಾವಾಸ್ಕ್ರಿಪ್ಟಿನ ‘ಪದಾಕ್ಷರ’ ಗುಂಪಿನಲ್ಲಿ ಕನ್ನಡ ಸೇರಿಲ್ಲ, ಅದನ್ನು ನಂಬಿದರೆ ಇಡೀ ಪದವೇ ಅಳಿಸಿಹೋಗುತ್ತದೆ. ಯುನಿಕೋಡಿನ ‘ಅಕ್ಷರ’ ವರ್ಗವನ್ನು ಮಾತ್ರ ಉಳಿಸಿಕೊಂಡರೆ ಗುಣಿತ ಉದುರಿ ‘ಮೈಸೂರು’ ಹೋಗಿ ‘ಮಸರ’ ಆಗುತ್ತದೆ. ‘ಚಿಹ್ನೆ’ ವರ್ಗವನ್ನೂ ಸೇರಿಸಲೇಬೇಕು.

ಹೊಂದಿದ ಭಾಗವನ್ನು ದಪ್ಪಕ್ಷರದಲ್ಲಿ ತೋರಿಸುವಾಗಲೂ ಹೀಗೆಯೇ. ‘ಮೈಸ’ ಎಂಬಷ್ಟಕ್ಕೇ ದಪ್ಪ ಹಾಕಿದರೆ ಊಕಾರ ಒಂಟಿಯಾಗಿ, ಚುಕ್ಕೆಗಳ ಬಳೆ ತೊಟ್ಟು ಪಕ್ಕದಲ್ಲಿ ಕಾಣಿಸಿಕೊಳ್ಳಬಹುದು. ಮುಂದಿನದು ಸ್ವರಚಿಹ್ನೆಯೋ ಹಲಂತವೋ ಆಗಿದ್ದರೆ ಅಕ್ಷರ ಮುಗಿಯುವವರೆಗೂ ದಪ್ಪವನ್ನು ಮುಂದುವರಿಸಿ.