ಮಳೆನೀರಿನ ಕರೆಂಟು, ಕಲ್ಲಿದ್ದಲಿನ ಕರೆಂಟು: ಮುಂಬಯಿಯ ಇಂಗಾಲದ ಲೆಕ್ಕ

ಮಾಟುಂಗಾದ ನಮ್ಮ ಮನೆಗೆ ಜನವರಿಯಲ್ಲಿ ಬಂದ ಕರೆಂಟ್ ಬಿಲ್ಲಿನಲ್ಲಿ 140 ಯೂನಿಟ್ ಇತ್ತು. ಮೇ ತಿಂಗಳಲ್ಲಿ ಅದು 312ಕ್ಕೆ ಏರಿತು. ನಮ್ಮ ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಯಲ್ಲಿ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಆ ಪ್ರಕಾರ ಮೇ ತಿಂಗಳೊಂದರಲ್ಲೇ ನಮ್ಮ ಮನೆಯ ಪಾಲು ಸುಮಾರು 218 ಕಿಲೋ. 14.2 ಕಿಲೋ ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದು ಮುಗಿದರೂ ಹೊರಬರುವುದು 42 ಕಿಲೋ ಆಸುಪಾಸು. ಮುಂಬಯಿಯಲ್ಲಿ ಸಂಸಾರ ಮಾಡುವವರು ತಮ್ಮ ಇಂಗಾಲದ ಹೆಜ್ಜೆಗುರುತನ್ನು, ಅಂದರೆ ತಮ್ಮ ಬಳಕೆಯಿಂದ ಗಾಳಿ ಸೇರುವ ಇಂಗಾಲದ ಲೆಕ್ಕವನ್ನು, ಒಲೆಗಿಂತ ಮೊದಲು ಕರೆಂಟಿನಲ್ಲಿ ಹುಡುಕಬೇಕು. ಆ ಕರೆಂಟಿನ ಮೂಲವಾದರೋ ನೂರ ಇಪ್ಪತ್ತು ವರ್ಷಗಳಲ್ಲಿ ಎರಡು ಸಲ ಬದಲಾಗಿದೆ.

ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗುತ್ತದೆ ಎಂಬ ತಿಳಿವಳಿಕೆ ಈ ಚರಿತ್ರೆಗಿಂತಲೂ ಹಳೆಯದು. ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1896ರಲ್ಲೇ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ತಾಪಮಾನ ಎಷ್ಟು ಏರಬಹುದೆಂದು ಗುಣಿಸಿ ನೋಡಿದ್ದರು. ಆದರೆ ಆ ಕಾಲದ ಬೊಂಬಾಯಿಯ ಚಿಂತೆ ಬೇರೆಯಿತ್ತು: ಗಿರಣಿಗಳ ಚಿಮಣಿ ಹೊಗೆ, ದೂರದಿಂದ ತರಿಸಬೇಕಾದ ಕಲ್ಲಿದ್ದಲಿನ ದರ. 1905ರಲ್ಲಿ ವಾಡಿ ಬಂದರಿನಲ್ಲಿ ಶುರುವಾದ ವಿದ್ಯುತ್ ಕೇಂದ್ರವೂ ಉಗಿಯಿಂದಲೇ ನಡೆಯುತ್ತಿತ್ತು. ಕನ್ನಡಿಗರಿಗೆ ಇಲ್ಲಿ ಶಿವನಸಮುದ್ರ ನೆನಪಾಗದೆ ಇರದು. ಅಲ್ಲಿನ ಕಾವೇರಿ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಕೊಟ್ಟಿದ್ದಳು. ಸಹ್ಯಾದ್ರಿಯ ಮಳೆಯಿಂದ ಅಂಥದೇ ವಿದ್ಯುತ್ ಪಡೆಯುವುದು ಜಮ್‌ಶೇಟ್‌ಜಿ ಟಾಟಾ ಅವರ ಯೋಜನೆಯಾಗಿತ್ತು. 1904ರಲ್ಲಿ ಅವರು ತೀರಿಕೊಂಡರು. ಖೋಪೋಲಿಯ ಜಲವಿದ್ಯುತ್ ಕೇಂದ್ರ ಚಾಲೂ ಆದದ್ದು 1915ರಲ್ಲಿ.

ಪುಣೆಗೆ ಹೋಗುವಾಗ ಬೋರ್‌ಘಾಟಿನಲ್ಲಿ ಬೆಟ್ಟದ ಮೈಮೇಲೆ ನೇರವಾಗಿ ಇಳಿಯುವ ದಪ್ಪ ಕೊಳವೆಗಳನ್ನು ಹಲವರು ನೋಡಿರಬಹುದು. ಲೋನಾವಳದ ಸುತ್ತಿನ ಕೆರೆಗಳಲ್ಲಿ ಮಳೆಗಾಲದಲ್ಲಿ ತುಂಬಿಕೊಂಡ ನೀರು ಐನೂರು ಮೀಟರಿಗೂ ಹೆಚ್ಚು ಕೆಳಕ್ಕೆ ಧುಮುಕಿ ಖೋಪೋಲಿಯ ಚಕ್ರಗಳನ್ನು ತಿರುಗಿಸುತ್ತದೆ. 1922ರಲ್ಲಿ ಭಿವಪುರಿ, 1927ರಲ್ಲಿ ಭೀರಾ ಕೇಂದ್ರಗಳು ಸೇರಿಕೊಂಡವು. ಗಿರಣಿಗಳು ಈ ವಿದ್ಯುತ್ತಿಗೆ ಹೊರಳಿದವು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಹವಾಮಾನ ಬದಲಾವಣೆ ಎಂಬ ಮಾತು ಜನರ ಬಾಯಿಗೆ ಬರುವ ಎಷ್ಟೋ ವರ್ಷ ಮೊದಲೇ ಈ ಊರಿನ ಬಹುಪಾಲು ಕರೆಂಟು ಮಳೆನೀರಿನದಾಗಿತ್ತು ಎಂಬುದನ್ನು ನಾವು ಮರೆತಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಊರು ಬೆಳೆಯಿತು, ಬೆಟ್ಟದ ಕೆರೆಗಳು ಬೆಳೆಯಲಿಲ್ಲ. 1950ರ ದಶಕದಲ್ಲಿ ಟ್ರಾಂಬೆಯ ಉಷ್ಣ ವಿದ್ಯುತ್ ಸ್ಥಾವರ ಬಂತು. 1990ರ ದಶಕದಲ್ಲಿ, ಪರಿಸರಸೂಕ್ಷ್ಮ ಪ್ರದೇಶವೆಂದು ಆಗಲೇ ಘೋಷಿತವಾಗಿದ್ದ ಚಿಕ್ಕು ತೋಟಗಳ ಡಹಾಣುವಿನಲ್ಲಿ 500 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ತಲೆಯೆತ್ತಿತು. ಹಳೆಯ ಮೂರು ಜಲವಿದ್ಯುತ್ ಕೇಂದ್ರಗಳ ಸಾಮರ್ಥ್ಯ ಒಟ್ಟು 447 ಮೆಗಾವಾಟ್. ಬೇಸಿಗೆಯಲ್ಲಿ ಮುಂಬಯಿಯ ಗರಿಷ್ಠ ಬೇಡಿಕೆಯೋ 4000 ಮೆಗಾವಾಟ್ ದಾಟುತ್ತದೆ. ಇತ್ತ 1958ರಲ್ಲಿ ಹವಾಯಿಯಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 315ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ಮೀರಿದೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಆ ಒಂದು ದಿನದ ಮಳೆಯನ್ನು ಪೂರ್ತಿಯಾಗಿ ಭೂತಾಪದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೂ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲುದು; ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ ಈಚೆಗೆ ಮೂರು ಪಟ್ಟಾಗಿವೆ. 2022ರ ಮಾರ್ಚ್‌ನಲ್ಲಿ ಹೊರಬಂದ ಮುಂಬಯಿ ಹವಾಮಾನ ಕ್ರಿಯಾಯೋಜನೆಯು ನಗರದ ಹೊರಸೂಸುವಿಕೆಯಲ್ಲಿ ಸುಮಾರು ಶೇ. 70 ಭಾಗ ವಿದ್ಯುತ್ ಮತ್ತು ಕಟ್ಟಡಗಳಲ್ಲಿ ಉರಿಯುವ ಇಂಧನದ್ದೆಂದು ಗುರುತಿಸಿ, 2050ಕ್ಕೆ ನಿವ್ವಳ ಶೂನ್ಯದ (ಹೊರಸೂಸಿದಷ್ಟನ್ನೂ ಹೀರಿ ಸರಿದೂಗಿಸುವ) ಗುರಿ ಇಟ್ಟಿತು.

ವ್ಯಕ್ತಿಗತ ಹೆಜ್ಜೆಗುರುತಿನ ಮಾತನ್ನು 2000ರ ದಶಕದಲ್ಲಿ ಜಾಹೀರಾತುಗಳ ಮೂಲಕ ಮನೆಮಾತಾಗಿಸಿದವರಲ್ಲಿ ತೈಲ ಕಂಪನಿ ಬಿಪಿ ಪ್ರಮುಖವಾದದ್ದು. ಹೊಣೆಯನ್ನು ಬಳಕೆದಾರರ ಹೆಗಲಿಗೆ ದಾಟಿಸುವ ಯತ್ನವಿದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಲೆಕ್ಕವನ್ನೇ ಬಿಡಬೇಕಿಲ್ಲ. ದೊಡ್ಡ ಅಂಕಿಗಳಿರುವಲ್ಲಿ ಕೈಹಾಕಬೇಕು ಅಷ್ಟೆ. ನಮ್ಮ ಮೇ ತಿಂಗಳ ಏರಿಕೆಗೆ ಮುಖ್ಯ ಕಾರಣ ರಾತ್ರಿ ಎಂಟು ತಾಸು ಓಡಿದ ಏಸಿ: ರಾತ್ರಿಯೊಂದಕ್ಕೆ ಆರು ಯೂನಿಟ್ ಹತ್ತಿರ. ಅಷ್ಟೇ ಹೊತ್ತಿಗೆ ಹಳೆಯ ಫ್ಯಾನು 0.6 ಯೂನಿಟ್, ಕಡಿಮೆ ಕರೆಂಟು ಬಳಸುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು ಅದರ ಅರ್ಧಕ್ಕಿಂತ ಕಡಿಮೆ ಎಳೆಯುತ್ತದೆ. ಏಸಿಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಶೇ. 6ರಷ್ಟು ಉಳಿತಾಯವೆಂದು ಇಂಧನ ದಕ್ಷತಾ ಮಂಡಳಿ ಹೇಳುತ್ತದೆ. ನಾವೀಗ 26ರಲ್ಲಿಟ್ಟು ಜೊತೆಗೆ ಫ್ಯಾನು ಹಾಕಿಕೊಳ್ಳುತ್ತೇವೆ. ಊರಿಗೆ ಹೋಗುವ ಪ್ರಯಾಣವೂ ಸಣ್ಣದಲ್ಲ. ಕೊಂಕಣ ರೈಲುಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿದೆ. ಮತ್ಸ್ಯಗಂಧದಲ್ಲಿ ಉಡುಪಿಗೆ ಹೋಗುವವರ ತಲಾ ಹೊರಸೂಸುವಿಕೆ ಮಂಗಳೂರು ವಿಮಾನ ಹತ್ತುವವರದ್ದಕ್ಕಿಂತ ಹಲವು ಪಟ್ಟು ಕಡಿಮೆ.

ಕರೆಂಟಿನ ಮೂಲವನ್ನು ಬದಲಿಸುವ ದಾರಿಯೂ ಈಗ ತೆರೆದಿದೆ. ಹೆಚ್ಚುವರಿ ದರ ತೆತ್ತು ನವೀಕರಿಸಬಹುದಾದ ವಿದ್ಯುತ್ ಪಡೆಯಲು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2021ರಲ್ಲಿ ಗ್ರಾಹಕರಿಗೆ ಅವಕಾಶ ಮಾಡಿಕೊಟ್ಟಿತು. ಛಾವಣಿಯ ಮೇಲೆ ಸೌರಫಲಕ ಹಾಕಿಸುವವರಿಗಾಗಿ ಇರುವ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವಾಟ್ ಒಂದಕ್ಕೆ 18,000 ರೂಪಾಯಿ ಸಹಾಯಧನವಿದೆ. ನಮ್ಮ ಸೊಸೈಟಿಯ ಸಭೆಯಲ್ಲಿ ಲಿಫ್ಟು ಮತ್ತು ನೀರಿನ ಪಂಪಿನ ಬಿಲ್ಲನ್ನು ಓದಿದ ಮೇಲೆ ಛಾವಣಿಯ ಅಳತೆಗೆ ಒಪ್ಪಿಗೆ ಸಿಕ್ಕಿತು. ಟಾಂಕಿಯ ನೆರಳು ಬೀಳುವ ಪೂರ್ವದ ಮೂಲೆಯನ್ನು ಬಿಟ್ಟು ಉಳಿದ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿದ್ದಾರೆ.