ಬಿಸಿಲೇರಿದ ಮೇಲೆ ಸ್ಕೀಗೆ ಹೊರಟರೆ ಆಗದೇ?

ಪ್ರಶ್ನೆ: ಏಪ್ರಿಲ್ ಮೊದಲ ವಾರ ಗೆಳೆಯರು ಐದು ಜನ ಗುಲ್ಮಾರ್ಗಿಗೆ ಹೊರಟಿದ್ದೇವೆ. ಸ್ಕೀ ಕಲಿತಿದ್ದೇವೆ, ಈ ಸಲ ಗೊಂಡೋಲಾ (ಕೇಬಲ್ ಕಾರು) ಬಿಟ್ಟು ನಡೆದೇ ಹತ್ತಿ ಇಳಿಯುವ ಆಸೆ. ಹೊಸ ಹಿಮ ಬಿದ್ದಿಲ್ಲವಂತೆ. ಬಿಸಿಲೇರಿ ಹಿಮ ಮೆತ್ತಗಾದ ಮೇಲೆ ಹೊರಟರೆ ಬಿದ್ದರೂ ಪೆಟ್ಟಾಗುವುದಿಲ್ಲ ಅಲ್ಲವೇ?

ಉತ್ತರ: ಶಿರಸಿ ಕಡೆಯಿಂದ ಅಡಿಕೆ ಕೆಲಸ ಮುಗಿಸಿ ಹೊರಡುವವರೂ ಇದನ್ನೇ ಕೇಳುತ್ತಾರೆ, ಕಾರವಾರದಿಂದ ಮಕ್ಕಳ ಪರೀಕ್ಷೆ ಮುಗಿಸಿ ಹೊರಡುವವರೂ ಇದನ್ನೇ ಕೇಳುತ್ತಾರೆ. ತೆಳ್ಳೇವು ತಿಂದು, ಆಸರಿ ಕುಡಿದು, ಹತ್ತು ಗಂಟೆಗೆ ನಿಧಾನ ಹೊರಡುವ ಯೋಜನೆ ಯಾಣದ ಪ್ರವಾಸಕ್ಕೆ ಸರಿ. ವಸಂತದ ಹಿಮಕ್ಕೆ ಅಲ್ಲ. ಹತ್ತು ಗಂಟೆಗೆ ನೀವು ಇಳಿಯುತ್ತಿರಬೇಕು.

‘ಮೆತ್ತಗಿದ್ದರೆ ಕ್ಷೇಮ’ ಎಂಬುದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಸಾಯುವುದಿಲ್ಲ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ಹಲವು ದಿನ ನಡೆದರೆ ಮೇಲಿನ ಹಿಮ ಸಾಣಿಕಟ್ಟೆಯ ಹರಳುಪ್ಪಿನಂತಾಗುತ್ತದೆ. ಬೆಳಗಿನ ಬಿಸಿಲಿಗೆ ಮೇಲಿನ ಎರಡು-ಮೂರು ಸೆಂಟಿಮೀಟರ್ ಮಾತ್ರ ಸಡಿಲಾಗಿ, ಕೆಳಗಿನ ಹಿಮ ಗಟ್ಟಿಯಿದ್ದಾಗ ಸ್ಕೀಗೆ ಅದಕ್ಕಿಂತ ಸುಖವಿಲ್ಲ. ಆದರೆ ಒಂದು ಇಳಿಜಾರಿನಲ್ಲಿ ಆ ಸುಖ ಹೆಚ್ಚೆಂದರೆ ಗಂಟೆ, ಒಂದೂವರೆ ಗಂಟೆ. ಆಮೇಲೂ ಕರಗುವುದು ನಿಲ್ಲುವುದಿಲ್ಲ. ನೀರು ಕೆಳಗಿಳಿದು ಹರಳು-ಹರಳಿನ ನಡುವಿನ ಬೆಸುಗೆ ಬಿಡಿಸುತ್ತದೆ, ಒಳಗಿನ ಯಾವುದೋ ಗಟ್ಟಿ ಪದರ ಸಿಕ್ಕಿದಲ್ಲಿ ನಿಂತು ಅದನ್ನು ಜಾರುಬಂಡೆ ಮಾಡುತ್ತದೆ; ಮೇಲಿನ ಹಿಮ ಅದರ ಮೇಲೆ ಜರಿಯಬಹುದು.

ಹೊಸ ಹಿಮ ಬೀಳಲಿಲ್ಲ ಎಂಬ ಧೈರ್ಯವೂ ಬೇಡ. ದೇವಿಮನೆ ಘಟ್ಟದಲ್ಲಿ ಬೇಸಿಗೆಯಿಡೀ ನಿಂತ ಧರೆ ಮಳೆಗಾಲದಲ್ಲಿ ಜರಿಯುವಾಗ ಅದರ ಮೇಲೆ ಯಾರೂ ಹೊಸ ಮಣ್ಣು ಸುರಿದಿರುವುದಿಲ್ಲ. ನೀರು ಹೊಕ್ಕರೆ ಸಾಕು. ಹಿಮದ್ದೂ ಅದೇ ಲೆಕ್ಕ. (ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಹಿಮ ಜರಿಯುವುದಕ್ಕೂ ‘ಹಿಮಪಾತ’ ಎಂದೇ ಬರೆಯುತ್ತವೆ. ಗೊಂದಲ ಹುಟ್ಟಲು ಅದೂ ಒಂದು ಕಾರಣ. ಜರಿಯುವುದಕ್ಕೆ ಹಿಮಕುಸಿತ ಎನ್ನೋಣ.)

ಇನ್ನು ಪೆಟ್ಟಿನ ಮಾತು. ಹೊಸ ಒಣ ಹಿಮ ಘನ ಮೀಟರಿಗೆ 100 ಕಿಲೋ ಆಸುಪಾಸು. ನೀರು ಕುಡಿದು ಜರಿದ ಹಿಮ 400–500 ಕಿಲೋ, ನಿಂತ ಕೂಡಲೇ ಕಾಂಕ್ರೀಟಿನಂತೆ ಬಿಗಿಯುತ್ತದೆ. ಕುಸಿತವಾಗದಿದ್ದರೂ ಕೆಸರು ಹಿಮದಲ್ಲಿ ಸ್ಕೀ ಹೂತು, ದೇಹ ಮಾತ್ರ ತಿರುಗಿ, ಮಂಡಿಯ ಲಿಗಮೆಂಟ್ ಹರಿಯುತ್ತದೆ. ಇದಕ್ಕೆ ಮೆತ್ತಗೆ ಎನ್ನುವುದಾದರೆ ಎನ್ನಿ.

ಹಾಗಾಗಿ ನಸುಕಿನ ನಾಲ್ಕೂವರೆ-ಐದಕ್ಕೆ ಹಣೆದೀಪ ಹಾಕಿ ಹೊರಡಿ. ಅದಕ್ಕೂ ಮೊದಲು ಆಕಾಶ ನೋಡಿ. ನಕ್ಷತ್ರ ಕಂಡರೆ ಹಿಮದ ಬಿಸಿ ಮೇಲೆ ಹೋಗಿದೆ; ಗಾಳಿಯ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಮೇಲ್ಪದರ ಹೆಪ್ಪುಗಟ್ಟಿರುತ್ತದೆ. ರಾತ್ರಿಯಿಡೀ ಮೋಡವಿದ್ದರೆ ಕಂಬಳಿ ಹೊದ್ದಂತೆ, ಹೆಪ್ಪುಗಟ್ಟಿರುವುದಿಲ್ಲ. ಆ ದಿನ ನೀವೂ ಕಂಬಳಿ ಹೊದ್ದು ಮಲಗಿ.

ಬಿಸಿಲು ಪೂರ್ವದ ಇಳಿಜಾರನ್ನು ಮೊದಲು ಸಡಿಲಿಸುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಉತ್ತರದ ನೆರಳಲ್ಲಿ ಚಳಿಗಾಲದ ಒಣ ಹಿಮವೋ ಗಾಜಿನಂಥ ಮಂಜುಗಡ್ಡೆಯೋ ಉಳಿದಿರಬಹುದು. ಒಂದೇ ಇಳಿತದಲ್ಲಿ ಮೂರು ಬಗೆಯ ಹಿಮ ಸಿಕ್ಕಿದರೆ ಅಚ್ಚರಿಪಡಬೇಡಿ. ಸ್ಕೀ ಬಿಚ್ಚಿ ಬೂಟಿನಿಂದ ತುಳಿದು ನೋಡಿ. ಗುರುತೂ ಮೂಡದಿದ್ದರೆ ಕಾಯಿರಿ. ಪಾದ ಮುಳುಗತೊಡಗಿದರೆ ಇಳಿಯಿರಿ. ಕಣಕಾಲು ಮುಳುಗಿದರೆ, ಅಥವಾ ಹಿಮದ ಉಂಡೆಗಳು ತಾವಾಗಿ ಉರುಳುತ್ತಿದ್ದರೆ, ತಡವಾಗಿದೆ: 30 ಡಿಗ್ರಿಗಿಂತ ಕಡಿದಾದ ಇಳಿಜಾರು ಬಿಟ್ಟು, ಅದರ ಬುಡವನ್ನೂ ಬಿಟ್ಟು ನಡೆಯಿರಿ.

ಐದು ಜನಕ್ಕೆ ಐದು ಬೀಕನ್ (ಹೂತವರ ಜಾಗ ಹುಡುಕಲು ಮೈಗೆ ಕಟ್ಟಿಕೊಳ್ಳುವ ರೇಡಿಯೊ ಸಾಧನ), ಐದು ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಐದು ಲೋಹದ ಸಲಿಕೆ. ಮೂರರಲ್ಲಿ ಸುಧಾರಿಸುವ ಲೆಕ್ಕ ಇಲ್ಲಿ ನಡೆಯದು, ಯಾಕೆಂದರೆ ಹೂತವನ ಸಲಿಕೆಯೂ ಹೂತಿರುತ್ತದೆ. ಫೋನನ್ನು ಬೀಕನ್‌ನಿಂದ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50. ಇಳಿಯುವುದು ಒಬ್ಬೊಬ್ಬರೇ, ಉಳಿದವರು ಕುಸಿತದ ದಾರಿಯಿಂದ ಹೊರಗೆ ನಿಂತು ಕಣ್ಣಿಟ್ಟಿರಬೇಕು. ಹೂತವರಿಗೆ ಇರುವುದು ಮೊದಲ 10–15 ನಿಮಿಷ. ಗೆಳೆಯರೇ ತೆಗೆಯಬೇಕು, ಪೇಟೆಯಿಂದ ಜನ ಬರುವವರೆಗೆ ಆಗದು.

ಕೇಳದಿದ್ದರೂ ಇನ್ನೊಂದು. ‘ಕಡಲ ಬಿಸಿಲು ಕಂಡವರು ನಾವು’ ಎಂದು ಕಾರವಾರದವರು ಸನ್‌ಸ್ಕ್ರೀನ್ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಒಣ ಮರಳು ಅತಿನೇರಳೆ ಕಿರಣದ ಸುಮಾರು 15% ಹಿಂದಿರುಗಿಸಿದರೆ ಹೊಸ ಹಿಮ 80%ವರೆಗೆ ಹಿಂದಿರುಗಿಸುತ್ತದೆ, ಅದೂ ಕೆಳಗಿನಿಂದ. ಗದ್ದದ ಅಡಿ, ಮೂಗಿನ ಹೊಳ್ಳೆಯ ಒಳಗೆ, ಕಿವಿಯ ಹಿಂದೆ ಹಚ್ಚಿ. ಕನ್ನಡಕಕ್ಕೆ ಪಕ್ಕದ ಮರೆ ಇರಲಿ. ಹಿಮಗುರುಡು, ಎಂದರೆ ಆ ಕಿರಣಕ್ಕೆ ಕಣ್ಣು ಸುಡುವುದು, ಆ ಕ್ಷಣ ತಿಳಿಯುವುದಿಲ್ಲ. ಆರೇಳು ಗಂಟೆ ಕಳೆದು, ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ. ಉಜ್ಜಬೇಡಿ. ಕತ್ತಲೆಯಲ್ಲಿ ತಣ್ಣೀರ ಬಟ್ಟೆ ಹಾಕಿ ಮಲಗಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಕಣ್ಣಿನ ಡಾಕ್ಟರಲ್ಲಿ ತೋರಿಸಿ.