ಮಂಜಿನಲ್ಲಿ ಪಕ್ಕದ ವಿಮಾನ ಹಾರಿತು, ನಮ್ಮ ಪಾಲಿನ ಜೆಟ್ ಯಾಕೆ ನಿಂತಿತು?

ಪ್ರಶ್ನೆ: ಅಮೆರಿಕದಲ್ಲಿ ಸ್ವಂತ ವಿಮಾನ ಹಾರಿಸುವವರಿಗೆ ಟೇಕಾಫ್ ಮಾಡಲು ಇಷ್ಟು ದೂರ ಕಾಣಲೇಬೇಕು ಅನ್ನುವ ನಿಯಮ ಇಲ್ಲವಂತೆ. ಹಲವರು ಪಾಲು ಹಾಕಿ ಕೊಳ್ಳುವ ಫ್ರ್ಯಾಕ್ಷನಲ್ ಓನರ್‌ಶಿಪ್ ಜೆಟ್‌ಗಳೂ ಅಲ್ಲಿನ ವಿಮಾನಯಾನ ನಿಯಮಾವಳಿಯ ಅದೇ ಪಾರ್ಟ್ 91ರ ಅಡಿಯಲ್ಲೇ ಹಾರುತ್ತವೆ ಅಲ್ವಾ? ಹಾಗಾದರೆ ಮಂಜು ಬಿದ್ದ ಬೆಳಗ್ಗೆ ಅವುಗಳ ಪೈಲಟ್‌ಗಳು ಯಾಕೆ ಕಾಯುತ್ತಾರೆ?

ಉತ್ತರ: ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಟ್ 91ರೊಳಗೆ ‘ಕೆ’ ಅನ್ನುವ ಒಂದು ಉಪಭಾಗ ಇದೆ. ಅದನ್ನು ಪಾಲುದಾರಿಕೆಯ ವಿಮಾನಗಳಿಗೆಂದೇ ಬರೆದಿದ್ದಾರೆ. ಅದರ 91.1039ನೇ ಕಲಮಿನ ಪ್ರಕಾರ, ಕಾಣುವ ದೂರ 600 ಅಡಿಗಿಂತ ಕಡಿಮೆ ಇದ್ದರೆ ಟೇಕಾಫ್ ಮಾಡುವಂತಿಲ್ಲ. 600 ಅಡಿ ಕಂಡರೂ ಇನ್ನೊಂದು ಮಾತಿದೆ. ಹೊರಟ ನಿಲ್ದಾಣಕ್ಕೇ ವಾಪಸ್ ಬಂದು ಇಳಿಯುವಷ್ಟು ಹವಾಮಾನ ಇಲ್ಲದಿದ್ದರೆ, ಒಂದು ಗಂಟೆಯೊಳಗೆ ತಲುಪಬಹುದಾದ ಬೇರೆ ನಿಲ್ದಾಣ ಇರಲೇಬೇಕು. ಸ್ವಂತ ವಿಮಾನ ಹಾರಿಸುವವರಿಗೆ ಈ ಎರಡೂ ಷರತ್ತು ಅನ್ವಯಿಸುವುದಿಲ್ಲ. ರನ್‌ವೇಯ ಮೇಲೆ ಮೂಗಿನ ತುದಿ ಕಾಣದಿದ್ದರೂ ಅವರು ಹೊರಟರೆ ಅದು ಕಾನೂನಿಗೆ ವಿರುದ್ಧವಲ್ಲ. ಜಾಣತನವೇ ಅಂದರೆ, ನಾನಂತೂ ಅಲ್ಲ ಅನ್ನುತ್ತೇನೆ.

ಹೀಗೆ ಬೇರೆ ಬೇರೆ ಅಳತೆ ಯಾಕೆ ಅಂತ ತಿಳಿಯಲು ಈ ಪಾಲುದಾರಿಕೆ ಏನು ಅಂತ ಸ್ವಲ್ಪ ನೋಡಬೇಕು. 1986ರಲ್ಲಿ ರಿಚರ್ಡ್ ಸಾಂಟುಲ್ಲಿ ನೆಟ್‌ಜೆಟ್ಸ್ ಕಂಪನಿಯ ಮೂಲಕ ಇದನ್ನು ಶುರು ಮಾಡಿದರು. ಒಂದು ಜೆಟ್‌ನ ಹದಿನಾರನೇ ಒಂದು ಪಾಲು ಕೊಂಡರೆ ಸಾಮಾನ್ಯವಾಗಿ ವರ್ಷಕ್ಕೆ 50 ಗಂಟೆಯ ಹಾರಾಟ ಸಿಗುತ್ತದೆ. ಪೈಲಟ್, ರಿಪೇರಿ, ಹ್ಯಾಂಗರ್ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ನಿಮ್ಮ ಪಾಲಿನ ವಿಮಾನ ಬೇರೆ ಕಡೆ ಇದ್ದರೆ ಅದೇ ಥರದ ಇನ್ನೊಂದು ಬರುತ್ತದೆ. ಈಗ ಇದನ್ನು ಏನಂತ ಕರೆಯೋದು? ಕಾಗದದ ಮೇಲೆ ನೀವು ಮಾಲೀಕರು. ಸೀಟಿನಲ್ಲಿ ಕೂತಾಗ ಮಾತ್ರ ಪ್ರಯಾಣಿಕರು. ಕಾಕ್‌ಪಿಟ್‌ನಲ್ಲಿ ಇರುವವರ ಮುಖವನ್ನು ನೀವು ಅವತ್ತೇ ಮೊದಲ ಸಲ ನೋಡುತ್ತಿರಬಹುದು.

ಈ ಗೊಂದಲ ಬಗೆಹರಿಸಲೆಂದೇ ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, 2003ರಲ್ಲಿ ಪಾರ್ಟ್ 91ಕೆ ತಂದಿತು. ಹಾರಾಟದ ಹೊಣೆ ಮಾಲೀಕರದ್ದು ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಒಪ್ಪಿ ಮಾಲೀಕರು ಸಹಿಯನ್ನೂ ಹಾಕಬೇಕು. ಆದರೆ ಪ್ರಯಾಣಿಕರ ರಕ್ಷಣೆಯ ವಿಷಯದಲ್ಲಿ ಬಾಡಿಗೆಗೆ ಹಾರುವ ಚಾರ್ಟರ್ ವಿಮಾನಗಳ ಪಾರ್ಟ್ 135ಕ್ಕೆ ಹತ್ತಿರದ ನಿಯಮಗಳನ್ನೇ ಇಟ್ಟಿದೆ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ತಾನೇ ಹಾರಿಸುವವನಿಗೆ ತನ್ನ ಕೈಯ ಬಲ ಗೊತ್ತಿರುತ್ತದೆ. ಹಿಂದೆ ಕೂತವರಿಗೆ ಮುಂದಿನವರ ಕೈಯ ಬಲ ಹೇಗೆ ಗೊತ್ತಾಗಬೇಕು?

ಈಗ ಆ 600 ಅಡಿಯನ್ನು ಹತ್ತಿರದಿಂದ ನೋಡೋಣ. ನಮ್ಮ ಲೆಕ್ಕದಲ್ಲಿ ಅದು 183 ಮೀಟರ್. ಇದನ್ನು ಕಣ್ಣಂದಾಜಿನಲ್ಲಿ ಹೇಳುವುದಿಲ್ಲ. ರನ್‌ವೇ ಪಕ್ಕದಲ್ಲಿ ಉಪಕರಣಗಳಿರುತ್ತವೆ. ಗಾಳಿಯಲ್ಲಿ ಬೆಳಕು ಎಷ್ಟು ಚದುರುತ್ತಿದೆ ಅಂತ ಅಳೆದು, ರನ್‌ವೇ ಮೇಲಿನಿಂದ ಎಷ್ಟು ದೂರ ಕಂಡೀತು ಅನ್ನುವ ಅಂಕಿಯನ್ನು ಅವು ಕೊಡುತ್ತವೆ. ಪೈಲಟ್‌ಗಳು ಅದನ್ನು ಆರ್‌ವಿಆರ್ ಅನ್ನುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಯ ಆರಂಭ, ನಡುಭಾಗ, ಕೊನೆ ಹೀಗೆ ಮೂರು ಕಡೆ ಅಳೆಯುತ್ತಾರೆ. ಮಂಜು ಎಲ್ಲ ಕಡೆ ಒಂದೇ ಥರ ಇರೋದಿಲ್ಲ. ಈ ತುದಿಯಲ್ಲಿ 1000 ಅಡಿ ಕಂಡರೆ ಆ ತುದಿಯಲ್ಲಿ 500 ಇರಬಹುದು.

ಕಾಕ್‌ಪಿಟ್‌ನಲ್ಲಿ ಕೂತವರಿಗೆ ಈ ಅಂಕಿ ದೀಪಗಳ ಎಣಿಕೆಯಾಗಿ ಕಾಣುತ್ತದೆ. ರನ್‌ವೇ ಅಂಚಿನ ದೀಪಗಳ ನಡುವೆ ಹೆಚ್ಚೆಂದರೆ 200 ಅಡಿ ಅಂತರ ಇರುತ್ತದೆ. ಅಂದರೆ 600 ಅಡಿಯಲ್ಲಿ ಒಂದು ಬದಿಗೆ ಮೂರೇ ದೀಪ. ರನ್‌ವೇಯ ನಡುಗೆರೆಯಲ್ಲೂ ದೀಪಗಳಿದ್ದರೆ ಅವು 50 ಅಡಿಗೊಂದು, ಅಂದರೆ ಹನ್ನೆರಡು. ಅದರಾಚೆ ಬರೀ ಬಿಳಿ. ಸಣ್ಣ ಜೆಟ್ ನೆಲ ಬಿಡುವ ಹೊತ್ತಿಗೆ ಸುಮಾರು 110 ನಾಟ್ ವೇಗದಲ್ಲಿ ಇರುತ್ತದೆ ಅಂದುಕೊಳ್ಳಿ. ಅದು ಸೆಕೆಂಡಿಗೆ 57 ಮೀಟರ್. ಹಾಗಾಗಿ ಈಗ ಕಾಣುತ್ತಿರುವ ರನ್‌ವೇ ಪೂರ್ತಿ ಮೂರು ಸೆಕೆಂಡು ಚಿಲ್ಲರೆಯಲ್ಲಿ ಚಕ್ರದಡಿ ಸರಿದುಹೋಗುತ್ತದೆ.

ಎಲ್ಲ ಸರಿಯಾಗಿದ್ದರೆ ಅಷ್ಟು ಸಾಕು. ವಿಮಾನ ಮೇಲೆದ್ದ ಮೇಲೆ ಹೊರಗೆ ನೋಡುವ ಕೆಲಸವೂ ಮುಗಿಯಿತು, ಉಪಕರಣ ನೋಡಿಕೊಂಡು ಹಾರುತ್ತಾರೆ. ಕಷ್ಟ ಬರೋದು ಎಂಜಿನ್ ಕೈಕೊಟ್ಟಾಗ. ರನ್‌ವೇ ಮೇಲೆ ಓಡುತ್ತಿರುವಾಗಲೇ ಒಂದು ಎಂಜಿನ್ ನಿಂತರೆ ವಿಮಾನ ಸರ್ರನೆ ಒಂದು ಕಡೆಗೆ ಎಳೆಯುತ್ತದೆ. ಕಾಲಲ್ಲಿ ರಡ್ಡರ್ ಒತ್ತಿ ಅದನ್ನು ಗೆರೆಗೆ ತರಬೇಕು. ಗೆರೆ ಕಂಡರೆ ತಾನೇ ತರೋದು? ನಿಲ್ಲಿಸಬೇಕಾಗಿ ಬಂದರೆ ಇನ್ನೆಷ್ಟು ರನ್‌ವೇ ಉಳಿದಿದೆ ಅಂತಲೂ ಗೊತ್ತಾಗಬೇಕು. ಅದಕ್ಕೇ ನಡುಗೆರೆಯ ದೀಪಗಳಿಗೆ ಬಣ್ಣ ಕೊಟ್ಟಿದ್ದಾರೆ. ಕೊನೆಯ 3000 ಅಡಿ ಬಂದಾಗ ಬಿಳಿ, ಕೆಂಪು, ಬಿಳಿ, ಕೆಂಪು ಅಂತ ಒಂದು ಬಿಟ್ಟು ಒಂದು. ಕೊನೆಯ 1000 ಅಡಿಯಲ್ಲಿ ಪೂರ್ತಿ ಕೆಂಪು. ಈ ದೀಪಗಳಿಲ್ಲದ ಸಣ್ಣ ನಿಲ್ದಾಣದಲ್ಲಿ ಇಷ್ಟು ಕಡಿಮೆ ದೂರ ಕಾಣುವಾಗ ಹೊರಡಲು ಸಾಮಾನ್ಯವಾಗಿ ಒಪ್ಪಿಗೆಯೇ ಇರುವುದಿಲ್ಲ. ಯಾವ ದೀಪ ಇದ್ದರೆ ಎಷ್ಟು ಕೆಳಗೆ ಹೋಗಬಹುದು ಅನ್ನುವುದೆಲ್ಲ ಎಫ್‌ಎಎ ಆಯಾ ಕಂಪನಿಗೆ ಕೊಡುವ ಮ್ಯಾನೇಜ್‌ಮೆಂಟ್ ಸ್ಪೆಸಿಫಿಕೇಷನ್ ಪತ್ರಗಳಲ್ಲಿ ಇರುತ್ತದೆ. ಅಂದರೆ 600 ಅಡಿ ಅನ್ನೋದು ತಳ. ಕಂಪನಿಯ ಮಿತಿ ಅದಕ್ಕಿಂತ ಜಾಸ್ತಿ ಇರಬಹುದು. ತಳಕ್ಕಿಂತ ಕೆಳಗೆ ಹೋಗಲು ಕಾನೂನು ತೆರೆದಿಟ್ಟಿರುವ ದಾರಿ ಒಂದೇ. ಇನ್‌ಫ್ರಾರೆಡ್ ಕ್ಯಾಮೆರಾದ ಚಿತ್ರವನ್ನು ಪೈಲಟ್‌ನ ಕಣ್ಣೆದುರಿನ ಗಾಜಿನ ಮೇಲೆ ತೋರಿಸುವಂಥ ವ್ಯವಸ್ಥೆ ವಿಮಾನದಲ್ಲಿದ್ದು, ಅದಕ್ಕೆ ಆ ಪತ್ರದಲ್ಲಿ ಒಪ್ಪಿಗೆಯೂ ಇರಬೇಕು.

ಇಷ್ಟಾದರೂ ನನ್ನ ಪ್ರಕಾರ ಜೀವ ಉಳಿಸುವ ಕೆಲಸ ಜಾಸ್ತಿ ಮಾಡುವುದು ಎರಡನೇ ಷರತ್ತು. ಜನ ಅದರ ಬಗ್ಗೆ ಕೇಳೋದೇ ಕಡಿಮೆ.

ಯೋಚಿಸಿ ನೋಡಿ. ರೇಡಿಯೋ ಸಂಕೇತದಿಂದ ಇಳಿಯುವ ದಾರಿ ತೋರಿಸುವ ಸಾಮಾನ್ಯ ಐಎಲ್‌ಎಸ್ ಇರುವ ರನ್‌ವೇಗೆ ಇಳಿಯಲು 1800 ಅಡಿ, ಕೆಲವು ಕಡೆ 2400 ಅಡಿ ಆರ್‌ವಿಆರ್ ಬೇಕು. ಹೊರಡಲು 600 ಸಾಕು. ಈ ಎರಡರ ನಡುವೆ ಒಂದು ದೊಡ್ಡ ಸಂದು ಇದೆ. ಆರ್‌ವಿಆರ್ 800 ಇದ್ದಾಗ ಹೊರಟವರು ಹೋಗಬಹುದು, ವಾಪಸ್ ಬರುವಂತಿಲ್ಲ. ಹಿಂದಿನ ಬಾಗಿಲು ಹಾಕಿಕೊಂಡಂತೆ. ಇನ್ನು ನಿಲ್ಲಿಸಲು ಹೋಗಬಾರದು ಅನ್ನುವ ನಿರ್ಧಾರದ ವೇಗ ದಾಟಿದ ಮೇಲೆ ಎಂಜಿನ್ ನಿಂತರೆ ನಿಯಮದ ಪ್ರಕಾರ ಮೇಲೆದ್ದು ಹೋಗಲೇಬೇಕು. ಎದ್ದು ಎಲ್ಲಿಗೆ ಹೋಗೋದು? ಅದಕ್ಕೆ ಉತ್ತರ ಮೊದಲೇ ಇಟ್ಟುಕೊಂಡು ಹೊರಡಿ ಅನ್ನುತ್ತದೆ ಕಲಮು. ಪೈಲಟ್‌ಗಳ ಬಾಯಲ್ಲಿ ಇದು ಟೇಕಾಫ್ ಆಲ್ಟರ್ನೇಟ್. ಗಾಳಿ ಇಲ್ಲ ಅಂತ ಲೆಕ್ಕ ಹಿಡಿದು, ಮಾಮೂಲಿ ವೇಗದಲ್ಲಿ ಒಂದು ಗಂಟೆಯೊಳಗೆ ಅದು ಸಿಗಬೇಕು.

ಇಲ್ಲಿ ನನಗೊಂದು ತಕರಾರಿದೆ. ಮಾಮೂಲಿ ವೇಗ ಅಂದರೆ ಎರಡೂ ಎಂಜಿನ್ ನಡೆಯುತ್ತಿರುವಾಗಿನ ವೇಗ. ಏರ್‌ಲೈನ್‌ಗಳ ನಿಯಮ ಇದಕ್ಕಿಂತ ಬಿಗಿ. ಎರಡು ಎಂಜಿನ್‌ನ ವಿಮಾನವಾದರೆ, ಒಂದು ನಿಂತಾಗಿನ ವೇಗದಲ್ಲಿ ಆ ಒಂದು ಗಂಟೆಯನ್ನು ಲೆಕ್ಕ ಹಾಕಬೇಕು. ಪಾಲುದಾರಿಕೆಯ ಜೆಟ್‌ಗೂ ಹಾಗೇ ಇರಬೇಕಿತ್ತು. ಆಲ್ಟರ್ನೇಟ್‌ಗೆ ಹೋಗುವ ಪರಿಸ್ಥಿತಿ ಬಂದಿದೆ ಅಂದಮೇಲೆ ಒಂದು ಎಂಜಿನ್ ಹೋಗಿರುವ ಸಾಧ್ಯತೆಯೇ ಜಾಸ್ತಿ ಅಲ್ವಾ? ಎಚ್ಚರದ ಪೈಲಟ್‌ಗಳು ಕಾನೂನು ಕೇಳದಿದ್ದರೂ ಒಂದು ಎಂಜಿನ್ ಲೆಕ್ಕದಲ್ಲೇ ಆಲ್ಟರ್ನೇಟ್ ಹುಡುಕಬೇಕು.

ಪೈಲಟ್‌ನ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಆ ಮಾದರಿಯ ಟರ್ಬೈನ್ ವಿಮಾನದಲ್ಲಿ ಕ್ಯಾಪ್ಟನ್ ಆಗಿ 100 ಗಂಟೆ ಹಾರಿಸದವರಿಗೆ ಇಳಿಯುವ ಮಿತಿ ಏರುತ್ತದೆ. ರನ್‌ವೇ ಕಾಣದೆ ಇಳಿದುಬರಬಹುದಾದ ಎತ್ತರದಲ್ಲಿ 100 ಅಡಿ, ಕಾಣುವ ದೂರದಲ್ಲಿ ಅರ್ಧ ಮೈಲಿ. ಇದು ಲ್ಯಾಂಡಿಂಗ್ ನಿಯಮ, ಟೇಕಾಫ್‌ಗೇನು ಅಂತ ಅನ್ನಿಸಬಹುದು. ಆದರೆ ಇಳಿಯುವ ಮಿತಿ ಏರಿತು ಅಂದರೆ ಆ ಸಂದು ಇನ್ನೂ ಅಗಲವಾಯಿತು ಅಂತ ಅರ್ಥ. ಅನುಭವಿ ಕ್ಯಾಪ್ಟನ್ ಆಲ್ಟರ್ನೇಟ್ ಇಲ್ಲದೆ ಹೊರಡಬಹುದಾದ ಬೆಳಗ್ಗೆ, ಹೊಸ ಕ್ಯಾಪ್ಟನ್ ಆಲ್ಟರ್ನೇಟ್ ಹುಡುಕಿಕೊಂಡೇ ಹೊರಡಬೇಕು. ಸಹ ಪೈಲಟ್ ಆ ವಿಮಾನದಲ್ಲಿ 100 ಗಂಟೆ ಮುಗಿಸಿಲ್ಲದಿದ್ದರೆ, ಆರ್‌ವಿಆರ್ 4000 ಅಡಿ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಟೇಕಾಫ್, ಲ್ಯಾಂಡಿಂಗ್ ಎರಡನ್ನೂ ಕ್ಯಾಪ್ಟನ್ನೇ ಮಾಡಬೇಕು. ಕ್ಯಾಪ್ಟನ್ ಅಧಿಕೃತ ಪರೀಕ್ಷಕರಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ರನ್‌ವೇ ತಲುಪುವುದೇ ದೊಡ್ಡ ಕೆಲಸ ಅನ್ನೋದನ್ನೂ ಮರೆಯಬಾರದು. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ಲಿನಾಟೆ ನಿಲ್ದಾಣದಲ್ಲಿ ದಟ್ಟ ಮಂಜು ಇತ್ತು. ಒಂದು ಸಣ್ಣ ಸೆಸ್ನಾ ಸೈಟೇಶನ್ ಜೆಟ್ ಆರ್5 ಅನ್ನುವ ಟ್ಯಾಕ್ಸಿವೇ, ಅಂದರೆ ವಿಮಾನಗಳು ನೆಲದ ಮೇಲೆ ಸಾಗುವ ದಾರಿ, ಹಿಡಿಯಬೇಕಿತ್ತು, ಆರ್6 ಹಿಡಿಯಿತು. ಅದು ನೇರ ರನ್‌ವೇಗೆ ಸೇರುತ್ತಿತ್ತು. ಟೇಕಾಫ್‌ಗೆಂದು ಓಡಿಬರುತ್ತಿದ್ದ ಎಸ್‌ಎಎಸ್ ಕಂಪನಿಯ ಎಂಡಿ-87 ಅದಕ್ಕೆ ಡಿಕ್ಕಿ ಹೊಡೆಯಿತು. ನಿಲ್ದಾಣದಲ್ಲಿ ನೆಲದ ರಡಾರ್ ಕೆಲಸ ಮಾಡುತ್ತಿರಲಿಲ್ಲ. 118 ಜನ ಸತ್ತರು. ಅದು ಪಾಲುದಾರಿಕೆಯ ವಿಮಾನವೂ ಅಲ್ಲ, ಅಮೆರಿಕದ ನಿಯಮ ಅಲ್ಲಿ ನಡೆಯುತ್ತಲೂ ಇರಲಿಲ್ಲ. ಆದರೂ ಮಂಜಿನಲ್ಲಿ ಟ್ಯಾಕ್ಸಿ ಮಾಡುವಾಗ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಅಮೆರಿಕದಲ್ಲಿ ಆರ್‌ವಿಆರ್ 1200 ಅಡಿಗಿಂತ ಇಳಿದ ಮೇಲೂ ವಿಮಾನಗಳನ್ನು ಓಡಿಸುವ ನಿಲ್ದಾಣಗಳಿಗೆ ಪ್ರತ್ಯೇಕ ಟ್ಯಾಕ್ಸಿ ಯೋಜನೆ ಇರುತ್ತದೆ. ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಕೆಂಪು ದೀಪದ ಮುಂದೆ ನಿಲ್ಲಬೇಕು ಅಂತ ಅದರ ನಕ್ಷೆ ತೋರಿಸುತ್ತದೆ.

ಮಂಜಿನ ಜೊತೆ ಬೆಟ್ಟವೂ ಇದ್ದರೆ ಲೆಕ್ಕ ಬೇರೆ. ಕೊಲರಾಡೋದ ಆಸ್ಪೆನ್ ಸುಮಾರು 7,800 ಅಡಿ ಎತ್ತರದಲ್ಲಿದೆ, ಸುತ್ತ ಬೆಟ್ಟ. ಅಂಥ ಕಡೆ ರನ್‌ವೇ ಕಂಡರೆ ಸಾಲದು. ಪ್ರತಿ ಮೈಲಿಗೆ ಇಷ್ಟು ಅಡಿ ಏರಲೇಬೇಕು ಅನ್ನುವ ಷರತ್ತು ಸೇರಿಕೊಳ್ಳುತ್ತದೆ.

ಅಮೆರಿಕದ ಹೊರಗೆ ಹೋದರೆ? ಆ ನಿಲ್ದಾಣ ಯಾರ ಅಧಿಕಾರದಲ್ಲಿದೆಯೋ ಅವರ ನಿಯಮವನ್ನೂ ಪಾಲಿಸಬೇಕು, 600 ಅಡಿಯ ನಿಯಮವನ್ನೂ ಪಾಲಿಸಬೇಕು. ಡಿಸೆಂಬರ್, ಜನವರಿಯ ನಸುಕಿನಲ್ಲಿ ದೇವನಹಳ್ಳಿ ಕಡೆ ಹೋದವರಿಗೆ ಅಲ್ಲಿನ ಮಂಜು ಗೊತ್ತು. ಬೆಂಗಳೂರಿನ ದಕ್ಷಿಣದ ರನ್‌ವೇಗೆ ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ಕ್ಯಾಟ್ 3ಬಿ ವ್ಯವಸ್ಥೆ ಬಂದ ಮೇಲೆ, ತರಬೇತಿ ಮತ್ತು ಸಲಕರಣೆ ಇರುವ ವಿಮಾನಗಳು ಅಲ್ಲಿ 125 ಮೀಟರ್ ಕಂಡರೆ ಹೊರಡಬಹುದು. ಪಾರ್ಟ್ 91ಕೆ ಅಡಿಯ ಒಂದು ಜೆಟ್ ಅಲ್ಲಿಗೆ ಬಂದಿದೆ ಅಂದುಕೊಳ್ಳಿ. ಆರ್‌ವಿಆರ್ 150 ಮೀಟರ್ ಇದೆ. ಪಕ್ಕದ ಏರ್‌ಬಸ್ ಹೊರಟಿತು. ಈ ಜೆಟ್‌ಗೆ 183 ಮೀಟರ್ ಬೇಕು, ಹಾಗಾಗಿ ಆ ಕ್ಯಾಮೆರಾದ ಒಪ್ಪಿಗೆ ಇಲ್ಲದಿದ್ದರೆ ನಿಲ್ಲಲೇಬೇಕು.

ಸೂರ್ಯ ಬಂದ ಕೂಡಲೇ ಸರಿಹೋಗುತ್ತೆ ಅಂತ ಸುಮ್ನೆ ಅವಸರ ಮಾಡಲೂಬಾರದು. ರಾತ್ರಿ ನೆಲ ತಣ್ಣಗಾಗಿ ಕಟ್ಟುವ ಮಂಜು, ಬೆಳಕು ಹರಿದ ಹೊತ್ತಿನಲ್ಲಿ ಗಾಳಿ ಸ್ವಲ್ಪ ಅಲುಗಿದಾಗ ಕೆಲವು ಸಲ ಇನ್ನೂ ದಟ್ಟವಾಗುತ್ತದೆ. ಬಿಸಿಲು ನೆಲ ಕಾಯಿಸಿದ ಮೇಲೆಯೇ ಅದು ಕರಗೋದು. ಆರು ಗಂಟೆಗೆ 800 ಅಡಿ ಇದ್ದದ್ದು ಆರೂವರೆಗೆ 500 ಆಯಿತು ಅಂದರೆ ಆಶ್ಚರ್ಯ ಪಡಬೇಡಿ.

ಹಾಗೆ ಕಾಯುವಾಗ ನಿಮ್ಮ ಪೈಲಟ್ ಹತ್ತಿರ ಏನಾದರೂ ಕೇಳಬೇಕು ಅನ್ನಿಸಿದರೆ, ಯಾವಾಗ ಹೊರಡ್ತೀವಿ ಅಂತ ಕೇಳಬೇಡಿ. ಟೇಕಾಫ್ ಆಲ್ಟರ್ನೇಟ್ ಯಾವುದು, ಒಂದೇ ಎಂಜಿನ್‌ನಲ್ಲಿ ಅಲ್ಲಿಗೆ ಎಷ್ಟು ಹೊತ್ತು, ಈಗ ಅಲ್ಲಿ ಮಂಜು ಇದೆಯಾ ಅಂತ ಕೇಳಿ.